ತೂಗುದೀಪದ ಭಾರವನ್ನು ಹೊರುವವರು ಯಾರು?

ಗ್ವಾಲಿಯರ್ ನಗರದ ಜಯವಿಲಾಸ ಅರಮನೆಯನ್ನು ನೋಡಲು ಹೋದವರಿಗೆ ಅಲ್ಲಿನ ದರ್ಬಾರು ಭವನದಲ್ಲಿ ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. 1874ರಲ್ಲಿ ಜಯಾಜಿರಾವ್ ಸಿಂಧಿಯಾ ಮಹಾರಾಜರು ಕಟ್ಟಿಸಿದ ಆ ಅರಮನೆಯ ಭವನದಲ್ಲಿ ಎರಡು ಮಹಾ ದೀಪಗೊಂಚಲುಗಳು ತೂಗುತ್ತಿವೆ. ಒಂದೊಂದರ ತೂಕ ಸುಮಾರು ಮೂರೂವರೆ ಟನ್ನು. ಇಷ್ಟು ಭಾರವನ್ನು ಛಾವಣಿಯು ತಾಳೀತೆ ಎಂಬ ಸಂದೇಹ ಬಂದಾಗ, ಇಳಿಜಾರಾದ ದಾರಿಯೊಂದನ್ನು ಕಟ್ಟಿಸಿ ಆನೆಗಳನ್ನು ಛಾವಣಿಯ ಮೇಲಕ್ಕೆ ಹತ್ತಿಸಿ ನಡೆದಾಡಿಸಿದರಂತೆ. ಎಂಟು ಆನೆಗಳೆಂದು ಕೆಲವರು, ಹತ್ತು ಆನೆಗಳೆಂದು ಕೆಲವರು. ಛಾವಣಿ ಜಗ್ಗಲಿಲ್ಲ, ದೀಪಗಳನ್ನು ತೂಗುಹಾಕಿದರು, ಅವು ಇಂದಿಗೂ ಅಲ್ಲಿವೆ.

ಕಥೆ ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ನಮಗೆ ಬೇಡ. ಭೌತವಿಜ್ಞಾನವನ್ನು ಓದುವವರು ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆನೆಗಳು ಪರೀಕ್ಷಿಸಿದ್ದು ಏನನ್ನು?

ಬೆಳೆದ ಆನೆಯೊಂದರ ತೂಕ ಮೂರು ಟನ್ನೆಂದು ಇಟ್ಟುಕೊಂಡರೆ ಹತ್ತು ಆನೆಗಳ ಭಾರ ಮೂವತ್ತು ಟನ್ನಾಯಿತು. ದೀಪಗಳೆರಡರ ಭಾರ ಏಳು ಟನ್ನು. ನಾಲ್ಕು ಪಟ್ಟಿಗೂ ಮೀರಿದ ಭಾರವನ್ನು ಹೇರಿ ನೋಡಿದರೆಂದ ಮೇಲೆ ಪರೀಕ್ಷೆ ಕಠಿಣವಾಗಿಯೇ ಇತ್ತೆನ್ನಬೇಕು. ತೊಲೆಯನ್ನು ಮೇಲಿನಿಂದ ಅದುಮಿದರೂ ಕೆಳಗಿನಿಂದ ಅಷ್ಟೇ ಬಲದಿಂದ ಎಳೆದರೂ ಅದು ಬಾಗುವುದು ಒಂದೇ ರೀತಿ. ಆದಕಾರಣ ತೊಲೆಗಳ ಮಟ್ಟಿಗೆ ಆನೆಯೂ ದೀಪವೂ ಸಮಾನ. ಆದರೆ ತೊಲೆಗೂ ದೀಪಕ್ಕೂ ನಡುವೆ ಕೊಂಡಿಯೊಂದುಂಟು, ಸರಪಳಿಯುಂಟು, ಕೊಂಡಿಯನ್ನು ತೊಲೆಗೆ ಬಿಗಿದ ಬೋಲ್ಟುಂಟು. ಇವುಗಳ ಮೇಲೆ ಯಾವ ಆನೆಯೂ ಕಾಲಿಡಲಿಲ್ಲ. ಮೇಲಿನ ಭಾರವು ಛಾವಣಿಯ ಪದರಗಳನ್ನು ಒಂದಕ್ಕೊಂದು ಅದುಮುತ್ತದೆ. ತೂಗುವ ಭಾರವಾದರೋ ಅವುಗಳನ್ನು ಒಂದರಿಂದೊಂದು ಕಿತ್ತು ಬೇರ್ಪಡಿಸಲು ಹವಣಿಸುತ್ತದೆ. ಮೊದಲನೆಯದು ಸಂಪೀಡನ, ಎರಡನೆಯದು ಕರ್ಷಣ. ಕಲ್ಲು, ಇಟ್ಟಿಗೆ, ಗಾರೆ ಇವೆಲ್ಲ ಸಂಪೀಡನವನ್ನು ಚೆನ್ನಾಗಿ ಸಹಿಸುವ ಪದಾರ್ಥಗಳು. ಕರ್ಷಣದ ಮುಂದೆ ಇವುಗಳ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟೇ. ಹಳೆಯ ಅಲಂಕೃತ ಛಾವಣಿಯಿಂದ ಭಾರವಾದ ದೀಪವನ್ನು ತೂಗುಹಾಕುವವರ ತೊಡಕೆಲ್ಲವೂ ಈ ಒಂದು ಭೇದದಲ್ಲಿಯೇ ಅಡಗಿದೆ.

ಈ ತೊಡಕನ್ನು ಪ್ರತಿದಿನವೂ ಎದುರಿಸುವವರು ಇಂಗ್ಲೆಂಡಿನ ಹಳೆಯ ಮನೆಗಳ ಒಡೆಯರು. ಅಲ್ಲಿ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಟ್ಟಿದ ಅಸಂಖ್ಯಾತ ಮನೆಗಳ ಒಳಛಾವಣಿಗಳು ಗಾರೆಯವು. ಅಂಚಿನಲ್ಲಿ ಬಳ್ಳಿ, ಎಲೆ, ಹಣ್ಣುಗಳ ಸಾಲು. ನಡುವೆ ಗಾರೆಯ ದೊಡ್ಡದೊಂದು ಹೂ. ಇದನ್ನು ಅವರು ಗುಲಾಬಿಯೆಂದೇ ಕರೆಯುತ್ತಾರೆ. ನಮ್ಮ ಕಣ್ಣಿಗೆ ಹೆಚ್ಚಾಗಿ ಕಮಲದಂತೆ ಕಾಣುತ್ತದೆ. ಈ ಹೂವಿನ ನಟ್ಟನಡುವಿನಿಂದ ದೀಪವು ಇಳಿದುಬಂದಿರುತ್ತದೆ. ನೋಡಿದವರಿಗೆ ಹೂವೇ ದೀಪವನ್ನು ಹಿಡಿದುಕೊಂಡಿದೆಯೆಂಬ ಭ್ರಮೆಯುಂಟಾಗುವುದು ಸಹಜ. ಮನೆಯನ್ನು ಹೊಸದಾಗಿ ಕೊಂಡವರು ಅಂಗಡಿಯಿಂದ ಅರವತ್ತು ಕಿಲೋಗ್ರಾಂ ತೂಕದ ಹರಳಿನ ಗೊಂಚಲನ್ನು ತಂದು, ಹೂವಿನ ನಡುವೆ ನಾಲ್ಕು ತಿರುಪುಮೊಳೆಗಳನ್ನು ಹೊಡೆದು ತೂಗುಹಾಕಿಬಿಡೋಣವೆಂದು ಯೋಚಿಸುವುದೂ ಅಷ್ಟೇ ಸಹಜ. ಹಾಗೆ ಮಾಡಿದರೆ ಏನಾದೀತೆಂಬುದನ್ನು ತಿಳಿಯಬೇಕಾದರೆ ಆ ಗಾರೆಯ ಹಿಂದೆ ಏನಿದೆಯೆಂಬುದನ್ನು ನೋಡಬೇಕು.

ಮೇಲಿನ ಅಂತಸ್ತಿನ ನೆಲವನ್ನು ಹೊತ್ತ ಮರದ ಜಂತೆಗಳು ಒಂದಕ್ಕೊಂದು ಸುಮಾರು 40 ಸೆಂಟಿಮೀಟರು ಅಂತರದಲ್ಲಿ ಸಾಲಾಗಿರುತ್ತವೆ. ಅವುಗಳ ಅಡಿಭಾಗಕ್ಕೆ, ಅಡ್ಡಲಾಗಿ, ತೆಳುವಾದ ಮರದ ರೀಪುಗಳನ್ನು ಹೊಡೆದಿರುತ್ತಾರೆ. ರೀಪಿನ ಅಗಲ 3 ಸೆಂಟಿಮೀಟರು, ರೀಪಿಗೂ ರೀಪಿಗೂ ನಡುವೆ 1 ಸೆಂಟಿಮೀಟರು ಸಂದು. ಈ ಸಂದನ್ನು ಜಿಪುಣತನದಿಂದ ಬಿಟ್ಟದ್ದಲ್ಲ. ಗಾರೆಯವನು ಹಸಿಗಾರೆಯನ್ನು ಕೆಳಗಿನಿಂದ ಒತ್ತಿ ಬಳಿದಾಗ ಅದರ ಒಂದು ಪಾಲು ಸಂದಿನ ಮೂಲಕ ಮೇಲಕ್ಕೆ ಉಕ್ಕಿ, ರೀಪಿನ ಬೆನ್ನಿನ ಮೇಲೆ ಬಾಗಿ ಒರಗಿ, ಅಲ್ಲಿಯೇ ಗಟ್ಟಿಯಾಗುತ್ತದೆ. ಹೀಗೆ ಉಂಟಾದ ಸಾವಿರಾರು ಗಾರೆಯ ಕೊಕ್ಕೆಗಳಿಂದ ಇಡೀ ಒಳಛಾವಣಿಯು ರೀಪುಗಳಿಗೆ ನೇತುಬಿದ್ದಿರುತ್ತದೆ. ಅಂಟಿನಿಂದಲ್ಲ, ಮೊಳೆಯಿಂದಲೂ ಅಲ್ಲ, ಕೊಕ್ಕೆಗಳಿಂದ. ಗಾರೆ ಬಿರಿಯದಿರಲೆಂದು ಅದರಲ್ಲಿ ದನದ ಅಥವಾ ಆಡಿನ ಕೂದಲನ್ನು ಕಲಸುತ್ತಿದ್ದರು. ಗಾರೆಯು ಕರ್ಷಣಕ್ಕೆ ದುರ್ಬಲ, ಕೂದಲು ಕರ್ಷಣಕ್ಕೆ ಸಮರ್ಥ; ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಂಕ್ರೀಟಿನಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುವುದರ ಹಿಂದಿರುವ ತತ್ತ್ವವೂ ಇದೇ. ನಮ್ಮ ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲನ್ನು ತುಳಿದು ಬೆರೆಸುತ್ತಿದ್ದವರು ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎರಡೂವರೆ ಸೆಂಟಿಮೀಟರು ದಪ್ಪದ ಸುಣ್ಣದ ಗಾರೆಯು ಒಂದು ಚದರ ಮೀಟರಿಗೆ ಸುಮಾರು 45 ಕಿಲೋಗ್ರಾಂ ತೂಗುತ್ತದೆ. ಮೂರು ಪಾಲು ರೀಪು, ಒಂದು ಪಾಲು ಸಂದು ಆದ್ದರಿಂದ ಕೊಕ್ಕೆಗಳ ಕತ್ತಿನ ವಿಸ್ತೀರ್ಣ ಒಟ್ಟು ವಿಸ್ತೀರ್ಣದ ಕಾಲುಭಾಗ. ಅಂದರೆ ಒಂದು ಚದರ ಸೆಂಟಿಮೀಟರು ಕತ್ತಿಗೆ ಬೀಳುವ ಭಾರ 18 ಗ್ರಾಂ ಮಾತ್ರ. ಸಾಧಾರಣ ಸುಣ್ಣದ ಗಾರೆಯೂ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂನಷ್ಟು ಸೆಳೆತವನ್ನು ತಡೆಯಬಲ್ಲದು. ಐವತ್ತು ಪಟ್ಟಿಗೂ ಮಿಗಿಲಾದ ರಕ್ಷಣೆ! ಇನ್ನೂರು ವರ್ಷಗಳಾದರೂ ಇಂತಹ ಛಾವಣಿಗಳು ಏಕೆ ಬೀಳದೆ ನಿಂತಿವೆಯೆಂಬುದಕ್ಕೆ ಇದೇ ಕಾರಣ.

ಇನ್ನು ರೀಪನ್ನು ಜಂತೆಗೆ ಹಿಡಿದಿರುವ ಮೊಳೆಗಳನ್ನು ನೋಡೋಣ. ಪ್ರತಿಯೊಂದು ಮೊಳೆಯ ಪಾಲಿಗೆ ಬರುವ ಛಾವಣಿಯು 40 ಸೆಂಟಿಮೀಟರು ಉದ್ದ, 4 ಸೆಂಟಿಮೀಟರು ಅಗಲದ ಒಂದು ತುಂಡು. ಅದರ ತೂಕ ಮುಕ್ಕಾಲು ಕಿಲೋಗ್ರಾಮಿಗೂ ಸ್ವಲ್ಪ ಕಡಮೆ. ಒಂದು ಸಣ್ಣ ಮೊಳೆಯು ನೂರಾರು ವರ್ಷ ಮಾಡಿಕೊಂಡು ಬಂದಿರುವ ಕೆಲಸವು ಇಷ್ಟೇ. ಈಗ ಅರವತ್ತು ಕಿಲೋಗ್ರಾಮಿನ ದೀಪವನ್ನು ಗಾರೆಗೂ ರೀಪಿಗೂ ಸೇರಿಸಿ ತಿರುಪುಮೊಳೆಗಳಿಂದ ಬಿಗಿದೆವೆನ್ನಿ. ಎಂಬತ್ತಕ್ಕೂ ಹೆಚ್ಚು ಮೊಳೆಗಳು ಕೂಡಿ ಮಾಡಬೇಕಾದ ಕೆಲಸವನ್ನು, ಆ ಜಾಗದ ನಾಲ್ಕೈದು ರೀಪುಗಳನ್ನು ಹಿಡಿದಿರುವ ಹತ್ತಾರು ಮೊಳೆಗಳ ತಲೆಯ ಮೇಲೆ ಹೊರಿಸಿದಂತಾಯಿತು. ಅದೂ ಆ ಮೊಳೆಗಳು ತುಕ್ಕು ಹಿಡಿಯದೆ, ರೀಪು ಹುಳು ಹಿಡಿಯದೆ ಇದ್ದರೆ. ದೀಪವು ಆ ದಿನವೇ ಬೀಳಲಾರದು. ಕಷ್ಟವಿರುವುದು ಅಲ್ಲಿಯೇ. ಆ ದಿನವೇ ಬಿದ್ದರೆ ಕೆಳಗೆ ನಿಂತವನು ಎಚ್ಚರದಿಂದಿರುತ್ತಾನೆ. ಎರಡು ವರ್ಷ ತೂಗಿ ಬೀಳುವ ದೀಪದ ಕೆಳಗೆ ಮಕ್ಕಳು ಊಟಕ್ಕೆ ಕುಳಿತಿರುತ್ತಾರೆ.

ಹಾಗಾದರೆ ಮೊದಲು ಕಟ್ಟಿದವರು ದೀಪವನ್ನು ಯಾವುದಕ್ಕೆ ತೂಗುಹಾಕಿದ್ದರು? ಜಂತೆಗೆ, ಇಲ್ಲವೆ ಎರಡು ಜಂತೆಗಳ ನಡುವೆ ಸೇರಿಸಿದ ಅಡ್ಡಮರಕ್ಕೆ. ಕೊಂಡಿಯ ಕಂಬಿಯು ಹೂವಿನ ನಡುವಿನ ರಂಧ್ರದ ಮೂಲಕ, ಗಾರೆಯನ್ನು ಮುಟ್ಟದೆ, ಕೆಳಗಿಳಿಯುತ್ತದೆ. ಹೂವಿನ ಕೆಲಸವೇನಿದ್ದರೂ ಆ ರಂಧ್ರವನ್ನು ಮರೆಮಾಡುವುದು, ದೀಪದ ಮಸಿಯನ್ನು ಕಣ್ಣಿನಿಂದ ತಪ್ಪಿಸುವುದು. ಅನಿಲದ ದೀಪಗಳ ಕಾಲದಲ್ಲಿ ಕೆಲವು ಹೂಗಳ ದಳಗಳ ಸಂದಿನಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿಗಳೂ ಇರುತ್ತಿದ್ದವು. ಭಾರ ಹೊರುವುದು ಅದರ ಕೆಲಸವಲ್ಲ. ತನ್ನ ಭಾರವನ್ನೇ ಇನ್ನೊಬ್ಬರ ಮೇಲೆ ಹೊರಿಸಿರುವ ಅದು ಪರರ ಭಾರವನ್ನು ಹೇಗೆ ತಾನೆ ಹೊತ್ತೀತು?

ಹೂವಿನ ನಡುವೆ ಹಳೆಯ ಕೊಂಡಿಯೊಂದು ಆಗಲೇ ಇದೆಯೆಂಬುದೂ ಸಮಾಧಾನಕ್ಕೆ ಕಾರಣವಾಗಬಾರದು. ಆ ಕೊಂಡಿಯನ್ನು ಹಾಕಿದವನು ಯಾವ ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಯಾರು ಬಲ್ಲರು? ಹತ್ತು ಕಿಲೋಗ್ರಾಮಿನ ದೀಪಕ್ಕೆ ಹಾಕಿದ ಕೊಂಡಿಯೂ ನೂರು ಕಿಲೋಗ್ರಾಮಿನ ದೀಪಕ್ಕೆ ಹಾಕಿದ ಕೊಂಡಿಯೂ ಕೆಳಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುತ್ತವೆ.

ಹಳೆಯ ಒಳಛಾವಣಿಗಳಲ್ಲಿ ಇನ್ನೊಂದು ಜಾತಿಯುಂಟು. ನಾಟಕಶಾಲೆ, ದೊಡ್ಡ ಹೋಟೆಲುಗಳ ಅತಿಶಯವಾದ ಅಲಂಕಾರಗಳೆಲ್ಲ ಹೆಚ್ಚಾಗಿ ಈ ಜಾತಿಯವು. 1856ರಲ್ಲಿ ಡೆಸಾಷಿ ಎಂಬಾತನು ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟನ್ನು ಪಡೆದನು. ಅಚ್ಚಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ಸುರಿದು, ಅದರೊಳಗೆ ಗೋಣಿಬಟ್ಟೆಯನ್ನೂ ತೆಳು ರೀಪುಗಳನ್ನೂ ಹುದುಗಿಸಿ, ತೆಳ್ಳನೆಯ ದೊಡ್ಡ ಹಲಗೆಗಳನ್ನು ಎರಕಹೊಯ್ಯುವುದು. ಅವುಗಳನ್ನು ಮೇಲೇರಿಸಿ ಮರದ ಚೌಕಟ್ಟಿಗೆ ತಗುಲಿಸುವುದು. ತಗುಲಿಸಲು ಬಳಸುತ್ತಿದ್ದುದು ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆಯ ಪಟ್ಟಿಗಳನ್ನೇ. ಒದ್ದೆಯಿರುವಾಗ ಮರಕ್ಕೆ ಸುತ್ತಿದರೆ ಕೆಲವು ನಿಮಿಷಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಕೆಲಸ ಸುಲಭ, ಬೇಗ, ಅಗ್ಗ. ಆದರೆ ಗೋಣಿಯು ಸಸ್ಯದ ನಾರು. ತೇವ ತಗುಲಿದರೆ ಕೊಳೆಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸು ನೀರನ್ನು ಸೇರಿಸಿಕೊಂಡು ಜಿಪ್ಸಮ್ಮಾಗಿ ಗಟ್ಟಿಯಾಗುವುದೇನೋ ದಿಟ. ಆದರೆ ಆ ಜಿಪ್ಸಮ್ಮು ಲೀಟರು ನೀರಿಗೆ ಎರಡು ಗ್ರಾಮಿನಷ್ಟು ಕರಗುತ್ತದೆ. ಅಲ್ಪವೆಂದು ತೋರಬಹುದು. ಸೋರುವ ಛಾವಣಿಯ ಕೆಳಗೆ ನೂರು ಮಳೆಗಾಲಗಳು ಕಳೆದರೆ ಅದು ಅಲ್ಪವಲ್ಲ.

2013ರ ಡಿಸೆಂಬರ್ 19ರಂದು ಲಂಡನ್ನಿನ ಅಪೊಲೊ ನಾಟಕಶಾಲೆಯಲ್ಲಿ ಪ್ರಯೋಗ ನಡೆಯುತ್ತಿದ್ದಾಗಲೇ ಅಲಂಕೃತ ಒಳಛಾವಣಿಯ ಒಂದು ಭಾಗ ಕಳಚಿ ಪ್ರೇಕ್ಷಕರ ಮೇಲೆ ಬಿತ್ತು. ಸುಮಾರು ಎಂಬತ್ತು ಜನ ಗಾಯಗೊಂಡರು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಆ ನಾಟಕಶಾಲೆ ತೆರೆದದ್ದು 1901ರಲ್ಲಿ. ತನಿಖೆಯಾದಾಗ ತಿಳಿದುಬಂದ ಕಾರಣವೇನು? ಒಳಛಾವಣಿಯನ್ನು ಎತ್ತಿ ಹಿಡಿದಿದ್ದ ಗೋಣಿಬಟ್ಟೆ ಮತ್ತು ಪ್ಲಾಸ್ಟರಿನ ಹಳೆಯ ಕಟ್ಟುಗಳು ಶಿಥಿಲವಾಗಿದ್ದವು. ನೂರಕ್ಕೂ ಮಿಗಿಲಾದ ವರ್ಷ ಒಳಛಾವಣಿಯ ಮುಖವು ಸುಂದರವಾಗಿಯೇ ಇತ್ತು. ಬೆನ್ನಿನ ಕಟ್ಟುಗಳು ಯಾರ ಕಣ್ಣಿಗೂ ಬೀಳದೆ ಸವೆದಿದ್ದವು.

ಇಂತಹ ಪತನವು ಹಠಾತ್ತಾಗಿ ಆಗುವುದೇಕೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹತ್ತು ಕೊಕ್ಕೆಗಳು ಒಂದು ಭಾರವನ್ನು ಹಂಚಿಕೊಂಡಿವೆಯೆನ್ನಿ. ಒಂದು ಮುರಿದರೆ ಅದರ ಪಾಲು ಹತ್ತೂ ದಿಕ್ಕಿಗೆ ಹಂಚಿಹೋಗುವುದಿಲ್ಲ. ಅಕ್ಕಪಕ್ಕದ ಎರಡರ ಮೇಲೆ ಬೀಳುತ್ತದೆ. ಅವುಗಳ ಭಾರ ಒಮ್ಮೆಗೇ ಒಂದೂವರೆ ಪಟ್ಟಾಗುತ್ತದೆ. ಅವುಗಳಲ್ಲಿ ದುರ್ಬಲವಾದದ್ದು ಮುರಿದರೆ ಮುಂದಿನದಕ್ಕೆ ಇನ್ನೂ ಹೆಚ್ಚು. ಐವತ್ತು ಪಟ್ಟು ರಕ್ಷಣೆಯು ಇಂದು ನಲವತ್ತು, ನಾಳೆ ಇಪ್ಪತ್ತು ಎಂದು ಸದ್ದಿಲ್ಲದೆ ಇಳಿಯುತ್ತ ಬರುತ್ತದೆ. ಕೊನೆಗೆ ಒಂದಕ್ಕೆ ಇಳಿದ ಕ್ಷಣದಲ್ಲಿ ಉಳಿದ ಕೊಕ್ಕೆಗಳೆಲ್ಲ ಹೊಲಿಗೆ ಬಿಚ್ಚಿದಂತೆ ಸರಸರನೆ ಕಿತ್ತುಬರುತ್ತವೆ. ಮೇಲಿನ ಕೋಣೆಯಲ್ಲಿ ಕುಣಿದವರ ಹೆಜ್ಜೆ, ಬೀದಿಯಲ್ಲಿ ಹೋದ ಲಾರಿಯ ನಡುಕ, ಸೋರಿದ ನೀರು ಇವೆಲ್ಲ ಈ ಇಳಿಕೆಗೆ ಕೈಹಾಕಿದವುಗಳೇ.

ಆದುದರಿಂದ ದೀಪವನ್ನು ತೂಗುಹಾಕುವ ಮೊದಲು ಒಳಛಾವಣಿಯ ಆರೋಗ್ಯವನ್ನು ನೋಡಬೇಕು. ಬೆರಳಿನ ಗಿಣ್ಣಿನಿಂದ ಮೆಲ್ಲನೆ ತಟ್ಟಿದರೆ ರೀಪಿಗೆ ಕಚ್ಚಿಕೊಂಡಿರುವ ಗಾರೆ ಬಿಗಿಯಾದ ಸದ್ದನ್ನು ಕೊಡುತ್ತದೆ. ಬಿಟ್ಟುಕೊಂಡಿರುವ ಗಾರೆಯ ಸದ್ದು ಟೊಳ್ಳು. ಮಡಕೆಯನ್ನು ತಟ್ಟಿ ನೋಡಿ ಕೊಳ್ಳುವ ನಮ್ಮ ಜನಕ್ಕೆ ಈ ವಿದ್ಯೆಯನ್ನು ಹೇಳಿಕೊಡಬೇಕಾಗಿಲ್ಲ. ಬಟ್ಟೆ ಸುತ್ತಿದ ಹಲಗೆಯಿಂದ ಮೃದುವಾಗಿ ಒತ್ತಿದಾಗ ಗಾರೆ ಮೇಲಕ್ಕೂ ಕೆಳಕ್ಕೂ ಆಡಿದರೆ ಅಲ್ಲಿನ ಕೊಕ್ಕೆಗಳು ಮುರಿದಿವೆಯೆಂದೇ ಅರ್ಥ. ಆದರೆ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮೇಲಿನಿಂದ. ಅಟ್ಟವನ್ನು ಹತ್ತಿ, ಇಲ್ಲವೆ ಮೇಲಿನ ಕೋಣೆಯ ನೆಲದ ಒಂದೆರಡು ಹಲಗೆಗಳನ್ನು ಬಿಚ್ಚಿ, ದೀಪ ಹಿಡಿದು ನೋಡಿದರೆ ಜಂತೆ, ರೀಪು, ಕೊಕ್ಕೆ ಎಲ್ಲವೂ ತಮ್ಮ ನಿಜಸ್ಥಿತಿಯನ್ನು ತೋರಿಸುತ್ತವೆ. ಮುರಿದ ಕೊಕ್ಕೆಗಳು ಅಲ್ಲಿ ಗಾರೆಯ ಚೂರುಗಳಾಗಿ ಬಿದ್ದಿರುತ್ತವೆ. ಮೇಲೆ ಹತ್ತಲು ದಾರಿಯೇ ಇಲ್ಲದಿದ್ದರೆ ಕೆಳಗಿನಿಂದಲೇ ಜಂತೆಯ ಜಾಡನ್ನು ಹಿಡಿಯಲು ಒಂದು ಸರಳೋಪಾಯವುಂಟು. ಬಲವಾದ ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗಾರೆಯ ಮೇಲೆ ಆಡಿಸಿದರೆ ಅದು ರೀಪಿನ ಮೊಳೆಗಳಿರುವಲ್ಲಿ ಸೆಳೆಯಲ್ಪಡುತ್ತದೆ. ಮೊಳೆಗಳೆಲ್ಲ ಒಂದೇ ಗೆರೆಯಲ್ಲಿ ಸಿಕ್ಕರೆ ಆ ಗೆರೆಯ ಮೇಲೆ ಜಂತೆಯಿದೆಯೆಂದು ತಿಳಿಯಬಹುದು.

ಜಂತೆ ಸಿಕ್ಕಿತು. ಅದಕ್ಕೆ ಕೊಂಡಿಯನ್ನು ತಿರುಚಿ ದೀಪವನ್ನು ತೂಗುಹಾಕಿದರೆ ಕೆಲಸ ಮುಗಿಯಿತೆ? ಇದನ್ನೂ ಲೆಕ್ಕಮಾಡಿಯೇ ನೋಡೋಣ. ಜಂತೆಯ ಉದ್ದ 3.6 ಮೀಟರು, ಅಗಲ 5, ಎತ್ತರ 15 ಸೆಂಟಿಮೀಟರು ಇರಲಿ; ದೀಪ ನಟ್ಟನಡುವೆ ಇರಲಿ. ಮರದಲ್ಲಿ ಉಂಟಾಗುವ ಅತ್ಯಧಿಕ ಪೀಡನವು ಚದರ ಮಿಲಿಮೀಟರಿಗೆ 3 ನ್ಯೂಟನ್ನಿಗೂ ಕಡಮೆ. ಒಳ್ಳೆಯ ಮರವು ಇದರ ಎರಡು ಮೂರು ಪಟ್ಟನ್ನು ನಿಶ್ಚಿಂತೆಯಿಂದ ತಾಳಬಲ್ಲದು. ಜಂತೆ ಮುರಿಯುವ ಭಯವಿಲ್ಲ. ಆದರೆ ಅದು ಬಾಗುತ್ತದೆ. ಮರದ ಸ್ಥಿತಿಸ್ಥಾಪಕತೆಯನ್ನು ಚದರ ಮಿಲಿಮೀಟರಿಗೆ 10,000 ನ್ಯೂಟನ್ನೆಂದು ಹಿಡಿದರೆ ನಡುವೆ ಉಂಟಾಗುವ ಜಗ್ಗು 4 ಮಿಲಿಮೀಟರು. ಇಷ್ಟಕ್ಕೇ ನಿಲ್ಲದು, ಸದಾ ಹೊತ್ತಿರುವ ಭಾರಕ್ಕೆ ಮರವು ವರ್ಷಗಳು ಕಳೆದಂತೆ ಇನ್ನಷ್ಟು ಜಗ್ಗುತ್ತ ಹೋಗಿ ಕೊನೆಗೆ ಅದು ಇಮ್ಮಡಿಯೂ ಆಗಬಹುದು. ಪುಸ್ತಕಗಳ ಭಾರಕ್ಕೆ ನಡುಬಾಗಿದ ಹಳೆಯ ಕಪಾಟಿನ ಹಲಗೆಯನ್ನು ನೋಡದವರಾರು?

ಉದ್ದದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಗ್ಗಿದರೆ ಗಾರೆಯ ಒಳಛಾವಣಿ ಬಿರಿಯುತ್ತದೆಂಬುದು ಕಟ್ಟಡ ಕಟ್ಟುವವರ ಹಳೆಯ ಲೆಕ್ಕ. ನಮ್ಮ ಜಂತೆಗೆ ಇದು 10 ಮಿಲಿಮೀಟರಾಗುತ್ತದೆ. ನಾಲ್ಕು ಮಿಲಿಮೀಟರು ಇದರೊಳಗೇ ಇದೆಯಲ್ಲ ಎನ್ನಬಹುದು. ಆದರೆ ಈ ನಿಯಮವು ಎಲ್ಲ ಜಂತೆಗಳೂ ಜೊತೆಜೊತೆಯಾಗಿ ಬಾಗುವ ಸಂದರ್ಭಕ್ಕೆ ಸರಿ. ಇಲ್ಲಿ ಬಾಗುವುದು ಒಂದೇ ಜಂತೆ. 40 ಸೆಂಟಿಮೀಟರು ಆಚೆಗೂ ಈಚೆಗೂ ಇರುವ ನೆರೆಯವು ಬಹುಮಟ್ಟಿಗೆ ತಮ್ಮ ಸ್ಥಾನದಲ್ಲಿಯೇ ಇರುತ್ತವೆ. 40 ಸೆಂಟಿಮೀಟರಿಗೆ 4 ಮಿಲಿಮೀಟರು ಎಂದರೆ ನೂರಕ್ಕೆ ಒಂದು. ಬಗ್ಗಲಾರದ ಗಾರೆಯು ಇಂತಹ ತಿರುವಿಗೆ ಬಿರಿಯದೆ ಇರಲಾರದು. ಬಿರುಕು ಬೀಳುವುದು ಎಲ್ಲಿ? ಹೂವಿನ ದಳಗಳ ಮೇಲೆ. ಯಾವುದರ ಅಂದಕ್ಕಾಗಿ ಇಷ್ಟೆಲ್ಲ ಖಟಪಟಿಯೋ ಅದರ ಮೇಲೆಯೇ.

ತಿಳಿದ ಬಡಗಿಗಳು ಈ ಕಾರಣದಿಂದಲೇ ಜಂತೆಗಳ ಬೆನ್ನಿನ ಮೇಲೆ, ಅವುಗಳಿಗೆ ಅಡ್ಡಲಾಗಿ, ದಪ್ಪನೆಯ ಅಡ್ಡತೊಲೆಯೊಂದನ್ನು ಇಟ್ಟು ದೀಪವನ್ನು ಅದರಿಂದ ಇಳಿಬಿಡುತ್ತಾರೆ. ಎರಡು ಜಂತೆಗಳು ಭಾರವನ್ನು ಸಮನಾಗಿ ಹಂಚಿಕೊಂಡರೆ ಜಗ್ಗು 2 ಮಿಲಿಮೀಟರಿಗೆ ಇಳಿಯಿತು. ತೊಲೆಯನ್ನು ಇನ್ನೂ ಉದ್ದಮಾಡಿ ನಾಲ್ಕು ಜಂತೆಗಳ ಮೇಲೆ ಹಾಯಿಸಿದರೆ ಮತ್ತೂ ಒಳ್ಳೆಯದು. ಅಡ್ಡತೊಲೆಯ ಮೂಲಕ ಉಕ್ಕಿನ ಕಂಬಿಯೊಂದನ್ನು ತೂರಿಸಿ, ಮೇಲೆ ಅಗಲವಾದ ವಾಷರನ್ನೂ ಎರಡು ನಟ್ಟುಗಳನ್ನೂ ಹಾಕಬೇಕು. ಮರಕ್ಕೆ ಕೆಳಗಿನಿಂದ ತಿರುಚಿದ ಕೊಂಡಿಯನ್ನು ಹಿಡಿದಿರುವುದು ಅದರ ಪುರಿಗಳ ನಡುವೆ ಕಚ್ಚಿಕೊಂಡಿರುವ ಮರದ ನಾರುಗಳು ಮಾತ್ರ. ಅವು ಕರ್ಷಣದಲ್ಲಿಯೇ ಇರುತ್ತವೆ. ವಾಷರು ಹಾಕಿ ಮೇಲಿನಿಂದ ಇಳಿಬಿಟ್ಟ ಕಂಬಿಯಾದರೋ ಮರವನ್ನು ಅದುಮುತ್ತದೆ. ಗ್ವಾಲಿಯರಿನ ಆನೆಯ ಪಾದವು ಇಲ್ಲಿ ವಾಷರಿನ ರೂಪದಲ್ಲಿ ಬಂದಿದೆಯೆನ್ನಬಹುದು. ಕಂಬಿಯು ಗಾರೆಯನ್ನು ದಾಟುವಲ್ಲಿ ರಂಧ್ರವು ಅದಕ್ಕಿಂತ ಅಗಲವಾಗಿರಬೇಕು, ಸುತ್ತಲೂ ಬೆರಳು ಆಡುವಷ್ಟು. ರಂಧ್ರವನ್ನು ಕೊರೆಯುವಾಗ ಬೈರಿಗೆಯನ್ನೋ ಮಂದಗತಿಯ ಡ್ರಿಲ್ಲನ್ನೋ ಉಪಯೋಗಿಸಬೇಕೇ ಹೊರತು ಬಡಿಯುತ್ತ ಕೊರೆಯುವ ಯಂತ್ರವನ್ನಲ್ಲ. ಆ ಬಡಿತವು ಒಂದು ರಂಧ್ರವನ್ನು ಮಾಡುವಷ್ಟರಲ್ಲಿ ನೂರು ಕೊಕ್ಕೆಗಳನ್ನು ಮುರಿದೀತು.

ಇನ್ನೊಂದು ಅಪಾಯವು ದೀಪವನ್ನು ಮೇಲೇರಿಸುವ ಗಳಿಗೆಯದು. ಭಾರವನ್ನು ಮೆಲ್ಲಮೆಲ್ಲನೆ ಹೊರಿಸಿದಾಗ ಉಂಟಾಗುವ ಜಗ್ಗಿನ ಎರಡರಷ್ಟು ಜಗ್ಗು ಅದೇ ಭಾರವನ್ನು ಒಮ್ಮೆಗೇ ಬಿಟ್ಟಾಗ ಉಂಟಾಗುತ್ತದೆಂಬುದು ಶಕ್ತಿಯ ಸಂರಕ್ಷಣ ನಿಯಮದಿಂದ ಸುಲಭವಾಗಿ ಸಿದ್ಧವಾಗುತ್ತದೆ. ಇಳಿಯುವ ಭಾರವು ಕಳೆದುಕೊಂಡ ಶಕ್ತಿಯೆಲ್ಲ ಬಾಗಿದ ಜಂತೆಯಲ್ಲಿ ಸೇರಬೇಕು ತಾನೆ? ಸರಪಳಿಯ ಒಂದು ಬಳೆ ಕೊಂಡಿಯಲ್ಲಿ ಸರಿಯಾಗಿ ಕೂರದೆ ಒಂದೇ ಒಂದು ಸೆಂಟಿಮೀಟರು ಜಾರಿತೆನ್ನಿ. ನಮ್ಮ ಮೊದಲಿನ ಜಂತೆಯ ಮೇಲೆ ಅರವತ್ತು ಕಿಲೋಗ್ರಾಮಿನ ದೀಪವು ಆ ಕ್ಷಣದಲ್ಲಿ ಇನ್ನೂರು ಕಿಲೋಗ್ರಾಮಿನಂತೆ ಎಳೆಯುತ್ತದೆ. ವಿಚಿತ್ರವೆಂದರೆ ಆಧಾರವನ್ನು ಇಮ್ಮಡಿ ಗಟ್ಟಿಮಾಡಿದರೆ ಈ ಸೆಳೆತವು ಇನ್ನೂರೈವತ್ತನ್ನು ಮೀರುತ್ತದೆ! ಮೆತ್ತನೆಯ ಆಧಾರವು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಗಟ್ಟಿಯಾದದ್ದು ನುಂಗದು. ಅಂತಲೇ ಭಾರವಾದ ದೀಪಗಳನ್ನು ರಾಟೆಯಿಂದ ಅಂಗುಲ ಅಂಗುಲವಾಗಿ ಏರಿಸುತ್ತಾರೆ, ಮತ್ತು ಕೊಂಡಿ ಸೋತರೆ ಹಿಡಿಯಲೆಂದು ಕಟ್ಟುವ ಎರಡನೆಯ ಉಕ್ಕಿನ ಹಗ್ಗವನ್ನು ಸಡಿಲವಾಗಿ ಜೋಲುಬಿಡದೆ ಬಿಗಿಯಾಗಿಯೇ ಕಟ್ಟುತ್ತಾರೆ.

ದೀಪವನ್ನು ತೊಳೆಯಲು ಇಳಿಸಿ ಏರಿಸುವ ಏರ್ಪಾಡೂ ಅಪಾಯಕ್ಕೆ ಹೊರತಲ್ಲ. ಪ್ಯಾರಿಸ್ಸಿನ ಅಪೆರಾ ಭವನದ ಏಳು ಟನ್ನಿನ ದೀಪಗೊಂಚಲನ್ನು ಸರಿದೂಗಿಸಲು ಮೇಲೆ ಪ್ರತಿಭಾರಗಳನ್ನು ಕಟ್ಟಿದ್ದರು. 1896ರ ಮೇ 20ರಂದು ಅವುಗಳಲ್ಲೊಂದು ಕಳಚಿ ಛಾವಣಿಯನ್ನು ಸೀಳಿಕೊಂಡು ಪ್ರೇಕ್ಷಕರ ನಡುವೆ ಬಿದ್ದಿತು. ಒಬ್ಬ ಹೆಂಗಸು ಸತ್ತಳು. ದೀಪವೇ ಬಿದ್ದಿತೆಂದು ಅನೇಕರು ನಂಬಿರುವುದಕ್ಕೆ ಗಾಸ್ಟನ್ ಲೆರೂ ಬರೆದ ಕಾದಂಬರಿಯೇ ಕಾರಣವಾಗಿರಬೇಕು. ದೀಪ ಬೀಳಲಿಲ್ಲ. ಅದನ್ನು ಹಗುರಮಾಡಲು ಇಟ್ಟದ್ದು ಬಿತ್ತು.

ತೂಗಾಟದ ವಿಷಯದಲ್ಲಿ ಮಾತ್ರ ಜನರ ಭಯ ಅಳತೆಗೆ ಮೀರಿದ್ದು. ದೀಪವು ಹತ್ತು ಡಿಗ್ರಿಗಳಷ್ಟು ಆಚೀಚೆ ಓಲಾಡಿದರೂ ಸರಪಳಿಯ ಸೆಳೆತ ಹೆಚ್ಚುವುದು ನೂರಕ್ಕೆ ಮೂರರಷ್ಟು. ಅದಕ್ಕಿಂತ ಕೇಡು ಮಾಡುವುದು ತಿರುಗುವಿಕೆ. ಒರೆಸುವವನು ಏಣಿಯನ್ನು ಸರಿಸುವ ಬದಲು ದೀಪವನ್ನೇ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಪ್ರತಿ ಹಬ್ಬಕ್ಕೂ ಒಂದೇ ದಿಕ್ಕಿಗೆ ಕಾಲು ಸುತ್ತು. ಕೊಂಡಿಯ ಪುರಿಯು ಆ ದಿಕ್ಕಿಗೆ ಬಿಚ್ಚುವಂಥದಾದರೆ ಕೆಲವು ವರ್ಷಗಳಲ್ಲಿ ಅದು ಕಳಚಿ ಕೈಗೆ ಬರುತ್ತದೆ. ಎರಡನೆಯ ನಟ್ಟನ್ನು ಹಾಕಿ ಬಿಗಿಯಲು ಹೇಳಿದ್ದು ಇದಕ್ಕಾಗಿ.

ಪೀಸಾ ನಗರದ ದೊಡ್ಡ ಚರ್ಚಿನಲ್ಲಿ ತೂಗುದೀಪದ ಓಲಾಟವನ್ನು ಗೆಲಿಲಿಯೊ ತನ್ನ ನಾಡಿಯ ಬಡಿತದಿಂದ ಅಳೆದನೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ವಾಚಕರು ಯಾವುದಾದರೂ ಅರಮನೆಗೆ ಹೋದಾಗ ಗಾಳಿಗೆ ಓಲಾಡುವ ದೀಪವನ್ನು ಕಂಡರೆ ಅದರ ಆವರ್ತಕಾಲವನ್ನು ಗಡಿಯಾರದಿಂದ ಅಳೆಯಲಿ. ಸೆಕೆಂಡುಗಳ ವರ್ಗವನ್ನು ನಾಲ್ಕರಿಂದ ಭಾಗಿಸಿದರೆ ಕೊಂಡಿಯಿಂದ ದೀಪದ ಗುರುತ್ವಕೇಂದ್ರದವರೆಗಿನ ಉದ್ದ ಮೀಟರುಗಳಲ್ಲಿ ಹೆಚ್ಚುಕಡಮೆ ಸರಿಯಾಗಿ ದೊರೆಯುತ್ತದೆ. ನಾಲ್ಕು ಸೆಕೆಂಡಾದರೆ ನಾಲ್ಕು ಮೀಟರು. ಕಣ್ಣಿಗೆ ಕಾಣುವ ಸರಪಳಿಗಿಂತ ಈ ಉದ್ದ ಸ್ಪಷ್ಟವಾಗಿ ಹೆಚ್ಚು ಬಂದರೆ, ದೀಪವು ತೂಗುತ್ತಿರುವುದು ಅಲಂಕಾರದ ಹೂವಿನಿಂದಲ್ಲ, ಅದರ ಹಿಂದೆ ಮೇಲೆಲ್ಲೋ ಇರುವ ತೊಲೆಯಿಂದ ಎಂದು ಏಣಿ ಹತ್ತದೆಯೇ ತಿಳಿಯಬಹುದು.

ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಗಾರೆಯ ಹೂಗಳು ವಿರಳ. ಆದರೆ ತೂಗುವ ಭಾರಗಳು ವಿರಳವಲ್ಲ. ನಡುಮನೆಯ ತೂಗುಮಣೆಯನ್ನೇ ನೋಡಿರಿ. ನಾಲ್ಕು ಸರಪಳಿ, ನಾಲ್ಕು ಕೊಂಡಿ. ಮಣೆಯ ಮೇಲೆ ಒಮ್ಮೊಮ್ಮೆ ನಾಲ್ಕು ಜನ. ಕೊಂಡಿಗಳು ತೊಲೆಯಲ್ಲಿ ನಾಟಿರುತ್ತವೆ. ತೊಲೆಗಳ ನಡುವಿನ ಹಲಗೆಯ ಮುಚ್ಚಿಗೆಗೆ ಕೊಂಡಿ ಹಾಕಲು ಯಾವ ಆಚಾರಿಯೂ ಒಪ್ಪುತ್ತಿರಲಿಲ್ಲ. ಆ ವಿವೇಕವು ಈಚೆಗೆ ಕಡಮೆಯಾಗುತ್ತಿರುವಂತೆ ತೋರುತ್ತದೆ. ಈಗ ಕಾಂಕ್ರೀಟು ಛಾವಣಿಯ ಕೆಳಗೆ ಒಂದಡಿ ಬಿಟ್ಟು, ತೆಳ್ಳನೆಯ ತಗಡಿನ ಪಟ್ಟಿಗಳಿಗೆ ಜಿಪ್ಸಮ್ ಹಲಗೆಗಳನ್ನು ತಗುಲಿಸಿ, ಅಲಂಕಾರದ ಎರಡನೆಯ ಛಾವಣಿಯನ್ನು ಮಾಡಿಸುವುದು ನಗರಗಳಲ್ಲಿ ರೂಢಿಯಾಗಿದೆ. ಅದರ ಬೆನ್ನಿನಲ್ಲಿರುವುದು ಗಾಳಿ. ಬೀಸಣಿಗೆಯನ್ನಾಗಲಿ ದೀಪಗೊಂಚಲನ್ನಾಗಲಿ ಅದಕ್ಕೆ ತಗುಲಿಸದೆ, ಕಾಂಕ್ರೀಟಿನಲ್ಲಿ ಹುದುಗಿಸಿದ ಕೊಂಡಿಯಿಂದ ಕಂಬಿಯನ್ನು ಇಳಿಬಿಟ್ಟು ಅದಕ್ಕೇ ತಗುಲಿಸಬೇಕು. ಇಂಗ್ಲೆಂಡಿನ ಗಾರೆಯ ಹೂವಿಗೆ ಹೇಳಿದ ಮಾತು ನಮ್ಮ ಹೊಸ ಛಾವಣಿಗೂ ಒಂದಕ್ಷರ ತಪ್ಪದೆ ಅನ್ವಯಿಸುತ್ತದೆ.

ಕೊನೆಯದಾಗಿ ಪರೀಕ್ಷೆ. ಆನೆ ಎಲ್ಲರಿಗೂ ಸಿಗುವಂಥದಲ್ಲ, ನೀರು ಸಿಗುತ್ತದೆ. ಅರವತ್ತು ಕಿಲೋಗ್ರಾಮಿನ ದೀಪವನ್ನು ತೂಗುಹಾಕಬೇಕಾದ ಕೊಂಡಿಗೆ ಖಾಲಿ ಪೀಪಾಯಿಯೊಂದನ್ನು ನೆಲದಿಂದ ಒಂದು ಗೇಣು ಮೇಲಿರುವಂತೆ ಕಟ್ಟಬೇಕು. ಕೆಳಗೆ ಹಳೆಯ ಹಾಸಿಗೆಯನ್ನು ಹಾಸಿ, ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿ, ರಬ್ಬರು ಕೊಳವೆಯಿಂದ ದೂರದಿಂದಲೇ ನೀರನ್ನು ಬಿಡಬೇಕು. ಪೀಪಾಯಿಯ ತೂಕವೂ ಸೇರಿ ತೊಂಬತ್ತು ಕಿಲೋಗ್ರಾಂ ಆಗುವವರೆಗೆ. ಛಾವಣಿಯ ಎರಡು ಬದಿಯ ಗೋಡೆಗಳ ನಡುವೆ ಬಿಗಿದ ದಾರಕ್ಕೂ ಹೂವಿನ ಅಂಚಿಗೂ ಇರುವ ಅಂತರವನ್ನು ಮೊದಲೇ ಅಳೆದಿಟ್ಟುಕೊಂಡು, ನೀರು ತುಂಬಿದೊಡನೆಯೂ ಮರುದಿನ ಅದೇ ಹೊತ್ತಿಗೂ ಮತ್ತೆ ಅಳೆಯಬೇಕು. ಎರಡು ಅಳತೆಗಳೂ ಒಂದೇ ಆಗಿದ್ದು ಗಾರೆಯಲ್ಲಿ ಹೊಸ ಗೆರೆ ಕಾಣದಿದ್ದರೆ ದೀಪವನ್ನು ಏರಿಸಬಹುದು. ಅಂತರ ಬದಲಾಗುತ್ತಲೇ ಇದ್ದರೆ ನೀರನ್ನು ಗಿಡಗಳಿಗೆ ಹಾಕಿ, ಮತ್ತೊಮ್ಮೆ ಅಟ್ಟವನ್ನು ಹತ್ತಿ ನೋಡಬೇಕು.